ಹೂವಕ್ಕ ಕೊಟ್ಟ ಕವಳ

ನನ್ನ ಗಂಡನ ಕರುಳಿನಲ್ಲಿ ಅಡಿಕೆ ಚೂರು ಸಿಕ್ಕಿತು ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಕಾಯಿಲೆಯಲ್ಲ, ಹೂವಕ್ಕ. ಬೇರೆ ಹೆಂಗಸಾಗಿದ್ದರೆ ಅಂಥ ಹೊತ್ತಿನಲ್ಲಿ ದೇವರನ್ನು ನೆನೆಯುತ್ತಿದ್ದಳೋ ಏನೋ. ನಾನು ಶಿರಸಿಯ ಆ ಆಸ್ಪತ್ರೆಯಲ್ಲಿ ಹಲ್ಲು ಕಚ್ಚಿಕೊಂಡು ನಿಂತು ಹೂವಕ್ಕನನ್ನು ನೆನೆದೆ.

"ಒಳಗೆಲ್ಲ ಕೆಂಪು ನೀರು, ಅದರ ನಡುವೆ ಅಡಿಕೆ ಚೂರು," ಎಂದರು ಡಾಕ್ಟರು. ಸಿಟ್ಟು ತಡೆದುಕೊಂಡೇ ಮಾತಾಡುತ್ತಿದ್ದರು. "ಇದರಲ್ಲಿ ರಕ್ತ ಯಾವುದು, ಎಲೆಯಡಿಕೆಯ ಕವಳ ಯಾವುದು ಅಂತ ನಾನು ಹೇಗೆ ನೋಡಲಿ? ಕೊಳವೆಯೇ ಕಟ್ಟಿಕೊಂಡಿತು. ಅರ್ಧಕ್ಕೇ ನಿಲ್ಲಿಸಿದೆ. ತಿನ್ನಲು ಏನೂ ಕೊಡಬೇಡಿ ಅಂತ ಅಷ್ಟು ಹೇಳಿದ್ದರೂ ಕೊಟ್ಟಿದ್ದೀರಲ್ಲ ತಾಯಿ?"

"ನಾ ಕೊಟ್ಟಿದ್ದಲ್ಲ," ಎಂದೆ.

"ಮತ್ತೆ ಯಾರು ಕೊಟ್ಟರು?"

ಅದನ್ನು ಅವರಿಗೆ ಹೇಳಿ ಏನು ಪ್ರಯೋಜನ. ಇವತ್ತು ಇಲ್ಲೇ ಇರಿ, ಸಂಜೆ ಮತ್ತೆ ಔಷಧಿ ಕುಡಿಸಿ, ನಾಳೆ ಇನ್ನೊಮ್ಮೆ ನೋಡೋಣ ಎಂದರು. ಹೊರಟವರು ಬಾಗಿಲಲ್ಲಿ ನಿಂತು, ಮನೆಯಲ್ಲಿ ಬೇರೆ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ ಎಂದು ಕೇಳಿದರು.

"ಇಲ್ಲ," ಎಂದರು ನಮ್ಮವರು, ಮಲಗಿದಲ್ಲಿಂದಲೇ. "ಅಣ್ಣ ಒಬ್ಬ ತೀರಿಹೋಗಿದ್ದ. ಅದು ಹೊಟ್ಟೆ ಹುಣ್ಣು."

ಹೂವಕ್ಕ ಆ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ತ್ಯಾಗಲಿಯಲ್ಲಿ ನಮ್ಮದು ಒಂದೇ ಮನೆ, ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದು. ಆಚೆ ಕಡೆ ಕೆರಿಯಪ್ಪ ಭಾವ ಮತ್ತು ಹೂವಕ್ಕ, ಈಚೆ ಕಡೆ ನಾವು. ಭಾವ ಹೋಗಿ ಆರು ವರ್ಷವಾಯಿತು, ಅವರಿಗೆ ಮಕ್ಕಳಿರಲಿಲ್ಲ. ಭಾವ ಇದ್ದಾಗ ಅಣ್ಣ ತಮ್ಮ ಇಬ್ಬರೂ ಊಟವಾದ ಮೇಲೆ ಆಚೆ ಮನೆಯ ಜಗಲಿಯಲ್ಲಿ ಕೂತು ಒಂದೇ ಬಟ್ಟಲಿನಿಂದ ಕವಳ ಹಾಕುತ್ತಿದ್ದರು. ಅಣ್ಣ ಹೋದ, ತಮ್ಮ ಅಲ್ಲಿಗೆ ಹೋಗುವುದು ನಿಲ್ಲಲಿಲ್ಲ. ಬೇಯಿಸಿ ಬಡಿಸುವವಳು ನಾನು. ಕೈ ತೊಳೆದವರೇ ಹೋಗಿ ಕೂರುವುದು ಅವಳ ಜಗಲಿಯಲ್ಲಿ. ಅವಳು ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಕೈಗೆ ಕೊಡುತ್ತಾಳೆ. ನಾನೂ ಮಡಿಸಿ ಕೊಟ್ಟು ನೋಡಿದ್ದೇನೆ. ಸುಣ್ಣ ಜಾಸ್ತಿ ಆಯಿತು ಎನ್ನುತ್ತಾರೆ.

ಅಷ್ಟೇ ಅಲ್ಲ. ನಾನು ಬಾಯಿಬಿಟ್ಟು ಹೇಳಲಾರದ ಗಂಡನ ಹೆಸರನ್ನು ಅವಳು ಅಂಗಳದಲ್ಲಿ ನಿಂತು 'ಮನೋಹರಾ' ಎಂದು ಕೂಗಿ ಕರೆಯುತ್ತಾಳೆ. ಅವಳು ಅತ್ತಿಗೆ, ಕರೆಯಬಹುದಂತೆ. ನಾನು ಹೆಂಡತಿ, ಕರೆಯಬಾರದಂತೆ. ಈ ನ್ಯಾಯ ಯಾರು ಮಾಡಿದ್ದೋ, ಅವರಿಗೆ ಜಗಲಿ ಆಚೆ ಒಬ್ಬಳು ವಾರಗಿತ್ತಿ ಇರಲಿಲ್ಲ ಎಂದು ಕಾಣುತ್ತದೆ. ಊರಿನಲ್ಲಿ ಯಾರೂ ಏನೂ ತಪ್ಪು ಮಾತಾಡಿಲ್ಲ, ಆಡುವಂಥದ್ದು ಏನೂ ಇಲ್ಲವೆಂದು ನನಗೂ ಗೊತ್ತು. ಹೊಟ್ಟೆ ಉರಿಯಲು ಅಂಥದ್ದೇ ಆಗಬೇಕು ಎಂದೇನೂ ಇಲ್ಲ.

ಇವರಿಗೆ ರಕ್ತ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಸಂಕ್ರಾಂತಿ ಕಳೆದ ಮೇಲೆ, ಪಂಚೆ ಒಗೆಯುವಾಗ. ಕೇಳಿದರೆ, "ಅದು ಕವಳದ ಕೆಂಪು," ಎಂದರು. ಇವರು ಕವಳದ ರಸ ಉಗುಳುವವರಲ್ಲ, ನುಂಗುವವರು. ನುಂಗಿದ ಕೆಂಪು ಕೆಂಪಾಗಿಯೇ ಹೊರಗೆ ಬರುತ್ತದೆ ಎಂದು ವಾದ ಮಾಡಿದರು. ನಾನು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಸಿದ್ದಾಪುರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ನೋಡಿ, ಶಿರಸಿಗೆ ಹೋಗಿ ಕೊಲೊನೋಸ್ಕೋಪಿ ಮಾಡಿಸಿ ಎಂದರು. ಹಿಂದಿನ ದಾರಿಯಿಂದ ಸಣ್ಣ ಕ್ಯಾಮೆರಾದ ಕೊಳವೆ ಬಿಟ್ಟು ಕರುಳನ್ನು ಒಳಗಿನಿಂದ ನೋಡುವುದು ಎಂದು ಬಿಡಿಸಿ ಹೇಳಿದರು. ಅದನ್ನು ಕೇಳಿ ಇವರ ಮುಖ ಇಷ್ಟು ಚಿಕ್ಕದಾಯಿತು. ಬಸ್ಸು ಇಳಿದ ಮೇಲೆ, "ಯಾರಿಗೂ ಹೇಳಬ್ಯಾಡ," ಎಂದರು. ಯಾಕೆ ಹೇಳಲಿ? ಗಂಡನ ಗುಟ್ಟು ನನ್ನೊಬ್ಬಳ ಹತ್ತಿರ ಇದೆ ಎಂದು ಒಳಗೊಳಗೇ ಬೀಗಿದೆ.

ನಿಜ ಹೇಳುತ್ತೇನೆ, ಪರೀಕ್ಷೆಗೆ ಮೊದಲಿನ ಆ ದಿನಗಳು ನನಗೆ ಖುಷಿಯ ದಿನಗಳು. ಕಾಳು, ಸೊಪ್ಪು, ಬೀಜವಿರುವ ತರಕಾರಿ ಯಾವುದೂ ಇಲ್ಲ. ಕಡೆಯ ದಿನ ಬರೀ ನೀರಾಗಿರುವುದೇ ಆಗಬೇಕು. ನಾನು ಗಂಜಿಯ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟೆ, ಎಳನೀರು ಕೊಟ್ಟೆ. ಮುರುಗಲ ಹಣ್ಣಿನ ಪಾನಕ ಕೇಳಿದರು, ಕೆಂಪು ಬಣ್ಣದ್ದು ಯಾವುದೂ ಕೂಡದು ಎಂದು ಗದರಿದೆ. ಪುಡಿ ಕಲಸಿದ ಔಷಧಿಯ ನೀರನ್ನು ಲೋಟ ಲೋಟ ಕುಡಿಸಿದೆ. ಉಪ್ಪುಪ್ಪು, ಹುಳಿಹುಳಿ, ಹಾಳಾದ ನಿಂಬೆ ಶರಬತ್ತಿನ ಹಾಗೆ ಎಂದು ಮುಖ ಕಿವುಚಿದರು. ಆಮೇಲೆ ಇವರು ಪಾಯಖಾನೆಯ ಒಳಗೆ, ನಾನು ನೀರಿನ ಬಕೆಟ್ಟು ಹಿಡಿದು ಹೊರಗೆ. ಒಳಗಿನಿಂದ, "ಗಂಗೆ, ಇದ್ಯನೆ?" ಎಂದು ಕೇಳುವರು. "ಇದ್ದೆ," ಎನ್ನುವೆ. ಮದುವೆಯಾದಾಗಿನಿಂದ ಇವರು ನನ್ನನ್ನು ಅಷ್ಟು ಸಲ ಹೆಸರು ಹಿಡಿದು ಕರೆದದ್ದೇ ಇಲ್ಲ. ಊಟವೇ ಇಲ್ಲದ ಮೇಲೆ ಊಟದ ನಂತರದ ಕವಳವೆಲ್ಲಿ, ಆಚೆ ಜಗಲಿಗೆ ಹೋಗುವ ಮಾತೆಲ್ಲಿ? ಹಾಗೆ ಅಂದುಕೊಂಡಿದ್ದೆ, ಪೆದ್ದಿ.

ಡಾಕ್ಟರು ಹೋದ ಮೇಲೆ ಹಾಸಿಗೆಯ ಪಕ್ಕ ನಿಂತೆ. ಇವರು ಹಿಂದೆ ಲಾಡಿ ಕಟ್ಟುವ ಹಸಿರು ಅಂಗಿಯಲ್ಲಿ ಎಡ ಮಗ್ಗುಲಾಗಿ ಮಲಗಿದ್ದರು. ನಿದ್ದೆ ಇಂಜೆಕ್ಷನ್ನಿನ ಅಮಲು ಇಳಿದಿತ್ತು.

"ಯಾರ್ ಕೊಟ್ಟಿದ್ದು?" ಎಂದೆ.

"ನಾನೇ ಕೇಳಿದ್ದು. ಅತ್ತಿಗೆ ಮಡಚಿ ಕೊಟ್ಲು. ನಿನ್ನೆ ಸಂಜೆ ನೀ ಕೊಟ್ಟಿಗೆಗೆ ಹೋಗಿದ್ಯಲ್ಲ, ಆವಾಗ. ಒಂದು ಅಲ್ಲೇ ಹಾಕ್ದೆ, ಒಂದು ಬೆಳಿಗ್ಗೆ." ಹೊದಿಕೆ ಎಳೆದುಕೊಳ್ಳುತ್ತ, "ಕವಳ ಇಲ್ದೆ ಕೈ ನಡುಗ್ತಿತ್ತು ಮಾರಾಯ್ತಿ. ಕವಳ ಹಾಕೂದನ್ನ ಊಟ ಅಂತ ಯಾರ್ ಲೆಕ್ಕ ಹಿಡೀತರು?" ಎಂದರು.

ಅದು ಹೌದು. ನಮ್ಮ ಕಡೆ ಉಪವಾಸದ ದಿನವೂ ಕವಳ ನಡೆಯುತ್ತದೆ. ಕವಳ ಹಾಕಿದರೆ ಉಪವಾಸ ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ನರ್ಸ್ ಏನಾದರೂ ತಿಂದಿದ್ದೀರಾ ಎಂದು ಕೇಳಿದಾಗ ಇವರು ಇಲ್ಲ ಎಂದದ್ದೂ ಸುಳ್ಳು ಹೇಳಬೇಕು ಎಂದಲ್ಲ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ.

"ಅವಳಿಗೆ ಗೊತ್ತಿತ್ತಾ, ನಿಮ್ಗೆ ಪರೀಕ್ಷೆ ಅಂತ?"

ಇವರು ಕಣ್ಣು ಮುಚ್ಚಿಕೊಂಡರು.

"ರಕ್ತ ಹೋಗ್ತಿದ್ದಿದ್ದು?"

"ಗೊತ್ತಿತ್ತು."

"ಯಾವಾಗಿಂದ?"

"ದೀಪಾವಳಿಯಿಂದ."

ದೀಪಾವಳಿಯಲ್ಲಿ ನಾನು ಇವರಿಗೆ ಎಣ್ಣೆ ಹಚ್ಚಿ ಮೀಯಿಸಿದ್ದೆ. ಬೆನ್ನು ಉಜ್ಜಿದ್ದೆ. ಆ ಮೈಯಲ್ಲಿ ಏನಾಗುತ್ತಿದೆ ಎಂದು ಉಜ್ಜಿದವಳಿಗೆ ಗೊತ್ತಿಲ್ಲ, ಗೋಡೆ ಆಚೆ ಇದ್ದವಳಿಗೆ ಗೊತ್ತಿತ್ತು. ನನ್ನ ಮೈಯೆಲ್ಲ ಉರಿದು ಹೋಯಿತು. ಹೊರಗೆ ಬಂದು ಅವಳಿಗೆ ಫೋನು ಹಚ್ಚಿದೆ.

"ನಿನ್ ಕವಳ ಸಿಕ್ತು ನೋಡು," ಎಂದೆ. "ಡಾಕ್ಟ್ರಿಗೆ ಸಿಕ್ತು. ಪರೀಕ್ಷೆ ಅರ್ಧಕ್ಕೇ ನಿಂತ್ ಹೋತು. ಸಮಾಧಾನ ಆತಾ ನಿಂಗೆ?" ಇನ್ನೂ ಏನೇನೋ ಅಂದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಹೂವಕ್ಕ ಎಲ್ಲ ಕೇಳಿಸಿಕೊಂಡಳು. "ಬರ್ತೆ," ಎಂದು ಫೋನು ಇಟ್ಟಳು.

ಬರುತ್ತಾಳಂತೆ. ಯಾರು ಕರೆದರು?

ಕೋಣೆಯ ಇನ್ನೊಂದು ಹಾಸಿಗೆಯಲ್ಲಿ ಬನವಾಸಿ ಕಡೆಯ ವೀರಪ್ಪ ಎನ್ನುವವರಿದ್ದರು. ಅವರದು ಅದೇ ಪರೀಕ್ಷೆ ಮುಗಿದು, ಏನೂ ಇಲ್ಲವೆಂದು ಹೇಳಿಯಾಗಿತ್ತು. ಗಾಳಿ ತುಂಬಿ ನೋಡಿರುತ್ತಾರೆ, ಆ ಗಾಳಿ ಹೋಗುವ ತನಕ ಮಲಗಿರಿ ಎಂದಿದ್ದರು ನರ್ಸ್. ವೀರಪ್ಪ ನಾಚಿಕೆಯಿಲ್ಲದೆ ಗಾಳಿ ಬಿಡುತ್ತ, "ಏನೂ ಹೆದರಬ್ಯಾಡ್ರಿ ಯಜಮಾನ್ರ, ಒಂದು ಸೂಜಿ ಚುಚ್ಚತಾರ, ಕಣ್ಣು ಮುಚ್ಚಿ ತೆಗಿಯೂದ್ರಾಗ ಮುಗಿದಿರತದ," ಎಂದು ಇವರಿಗೆ ಧೈರ್ಯ ಹೇಳುತ್ತಿದ್ದರು. ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ನಮ್ಮಾಕಿಗೆ ಮೊದಲ ದಿನಾನ ಹೇಳಿದ್ನಿ," ಎಂದರು ವೀರಪ್ಪ. "ರಾತ್ರಿ ಎಬ್ಬಿಸಿ ಹೇಳಿದ್ನಿ." ಆ ಹೆಂಗಸಿನ ಮೇಲೂ ನನಗೆ ಹೊಟ್ಟೆ ಉರಿಯಿತು. ಪಾಪ, ಅವಳು ನನಗೆ ಅರ್ಧ ಬಾಳೆಹಣ್ಣು ಕೊಟ್ಟಳು. ಬೇಡ ಎಂದೆ.

ಮಧ್ಯಾಹ್ನದ ಬಸ್ಸಿಗೆ ಹೂವಕ್ಕ ಬಂದಳು. ನಾನು ಮೆಟ್ಟಿಲಲ್ಲೇ ಅಡ್ಡ ನಿಂತೆ.

"ಅವರಿಗೆ ನಿದ್ದೆ ಬಂದದೆ. ನೋಡೂಕೆ ಆಗೂದಿಲ್ಲ," ಎಂದೆ.

"ನಾ ಮನೋಹರನ್ನ ನೋಡೂಕೆ ಬಂದಿದ್ದಲ್ಲ," ಎಂದಳು. ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು. "ಡಾಕ್ಟ್ರ ಹತ್ರ ಮಾತಾಡೂಕೆ. ನಿಮ್ಮ ಭಾವಂಗೆ ಎಂತ ಆಗಿತ್ತು ಅಂತ ಅಂವ ಹೇಳಿರೂದಿಲ್ಲ. ಹೇಳಿದ್ನಾ?"

"ಹೊಟ್ಟೆ ಹುಣ್ಣು ಅಂದ್ರು."

"ಹುಣ್ಣಲ್ಲ, ಗಂಗೆ. ಕರುಳಿನ ಕ್ಯಾನ್ಸರ್."

ನಾನು ದಾರಿ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ಗೋಡೆಗೆ ಒರಗಿದೆ. ಆಮೇಲೆ ಅವಳ ಹಿಂದೆಯೇ ಡಾಕ್ಟರ ಕೋಣೆಗೆ ಹೋದೆ. ಅವಳು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಹೇಳಿದಳು. ಡಾಕ್ಟರು ಇವರ ವಯಸ್ಸು, ಭಾವನ ವಯಸ್ಸು, ನಮ್ಮ ಮಕ್ಕಳ ವಿಷಯ ಕೇಳಿ ಬರೆದುಕೊಂಡರು. ಇದು ಮೊದಲೇ ಗೊತ್ತಾಗಬೇಕಿತ್ತು, ಒಡಹುಟ್ಟಿದವರಿಗೂ ಬರುವುದುಂಟು, ನಿಮ್ಮ ಮಗಳೂ ಮುಂದೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು. ಯಲ್ಲಾಪುರಕ್ಕೆ ಕೊಟ್ಟ ನನ್ನ ಅನುಶ್ರೀ ನೆನಪಾದಳು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನಡುವೆ ಅವಳ ಕೈಚೀಲ.

"ನಿಮ್ಮ ಭಾವನ್ನ ಹುಬ್ಬಳ್ಳಿಗೆ ಕರ್ಕಂಡು ಹೋಗಿದ್ದು ಮನೋಹರ," ಎಂದಳು ಹೂವಕ್ಕ. "ಅಣ್ಣ ತಮ್ಮ ಇಬ್ರಿಗೂ ಗೊತ್ತಿತ್ತು. ನಂಗೆ ಹುಣ್ಣು ಅಂದ್ರು. ಗಂಡನ ಕಾಯಿಲೆ ಹೆಂಡ್ತಿಗೆ ಗೊತ್ತಾಗಿದ್ದು ಕಡೇ ವಾರ, ಅದೂ ನರ್ಸಮ್ಮನ ಬಾಯಿಂದ. ದೀಪಾವಳಿ ದಿವಸ ಮನೋಹರ ಜಗಲಿಗೆ ಬಂದು, ಅಣ್ಣಂಗೆ ಮೊದ್ಲು ಮೊದ್ಲು ಎಂತ ಆಗಿತ್ತು, ರಕ್ತ ಹೋಗಿತ್ತಾ ಅಂತ ಕೇಳ್ದ. ಕೇಳೂವಾಗ್ಲೇ ನಂಗೆ ತಿಳೀತು."

"ತಿಳಿದೂ ನಂಗೆ ಹೇಳ್ಲಿಲ್ಲ. ನಿಂಗೆ ಮಾಡಿದ್ದನ್ನೇ ನಂಗೆ ಮಾಡ್ದೆ."

"ಡಾಕ್ಟ್ರ ಹತ್ರ ಹೋಗು ಅಂತ ದಿನಾ ಹೇಳ್ದೆ. ಶುಂಠಿ ಕಿತ್ತಾಗ್ಲಿ ಅಂದ, ಸಂಕ್ರಾಂತಿ ಕಳೀಲಿ ಅಂದ. ಗಂಗೆಗೆ ಹೇಳ್ತೆ ಅಂದ್ರೆ, ಬ್ಯಾಡ ಅಂದ." ಅವಳು ಕೈಚೀಲದ ಹಿಡಿಕೆಯನ್ನು ತಿರುಚಿದಳು. "ಅಂವ ಬ್ಯಾಡ ಅಂದಿದ್ದಕ್ಕೇ ಸುಮ್ಮನಿದ್ದೆ ಅಂದ್ರೆ ಸುಳ್ಳಾಗ್ತದೆ. ನಿಮ್ಮನೆ ಸುದ್ದಿ ಒಂದಾದ್ರೂ ನಿನ್ಗಿಂತ ಮೊದ್ಲು ನಂಗೆ ಗೊತ್ತಾತಲ್ಲ ಅಂತ ಒಂಥರಾ ಖುಷಿ ಇತ್ತು. ನೀವಿಬ್ರು ಮಲಗಿ ಮಾತಾಡೂದು, ನಗಾಡೂದು ಗೋಡೆ ಆಚಿಗೆ ಕೇಳ್ತದೆ, ಗಂಗೆ. ನಿಮ್ಮ ಭಾವ ಹೋದಾಗಿಂದ ಕೇಳ್ತಾ ಮಲಗ್ತೆ. ನಂಗೂ ಹೊಟ್ಟೆ ಉರೀತದೆ."

ನಾವು ಮಲಗಿ ಮಾತಾಡುವುದು ಎಂದರೆ ಏನು? ಡೈರಿಗೆ ಹಾಕಿದ ಹಾಲು, ಶುಂಠಿಗೆ ಬಂದ ಕೊಳೆ, ಮಗಳ ಫೋನು. ಅದನ್ನು ಗೋಡೆಗೆ ಕಿವಿ ಕೊಟ್ಟು ಕೇಳಿ ಹೊಟ್ಟೆ ಉರಿದುಕೊಳ್ಳುವವಳೂ ಒಬ್ಬಳು ಇದ್ದಾಳೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅವಳನ್ನು ಎಳೆದು ಎರಡು ಬಾರಿಸಬೇಕು ಅನ್ನಿಸಿತು. ಅದೇ ಹೊತ್ತಿಗೆ, ನಾಚಿಕೆಗೆಟ್ಟು ಹೇಳುತ್ತೇನೆ, ಒಳಗೆಲ್ಲೋ ಸ್ವಲ್ಪ ಹೆಮ್ಮೆಯೂ ಆಯಿತು.

ಹೂವಕ್ಕ ಶಿರಸಿಯಲ್ಲೇ ಇರುವ ತಂಗಿಯ ಮನೆಗೆ ಹೋದಳು. ಸಂಜೆ ನಾನು ಇವರಿಗೆ ಮತ್ತೆ ಅದೇ ಔಷಧಿಯ ನೀರು ಕುಡಿಸಲು ಕೂತೆ. ಭಾವನ ಕಾಯಿಲೆ ಏನೆಂದು ನನಗೆ ಗೊತ್ತಾಗಿದೆ, ಡಾಕ್ಟರಿಗೂ ಗೊತ್ತಾಗಿದೆ ಎಂದೆ. ಇವರು ಲೋಟ ಕೆಳಗಿಟ್ಟರು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ಅವಳಿಗೆ ಹೇಳೂಕೆ ಬಾಯಿ ಬಂತು, ನಂಗೆ ಬರ್ಲಿಲ್ಲ. ನಾ ಎಂತ ಕಡಿಮೆ ಮಾಡಿದ್ದೆ?"

ಲೋಟವನ್ನು ಬೆರಳಿನಿಂದ ದೂರ ಸರಿಸಿದರು. ಆಮೇಲೆ, "ಅತ್ತಿಗೆ ಮುಂದೆ ಹೇಳಿದ್ರೆ ಅದು ಅಣ್ಣನ ಕಾಯಿಲೆ ಮಾತಾಗಿ ಇರ್ತದೆ," ಎಂದರು. "ನಿನ್ ಮುಂದೆ ಹೇಳಿದ್ರೆ ನನ್ನ ಕಾಯಿಲೆ ಆಗ್ತದೆ."

"ಕುಡೀರಿ," ಎಂದೆ. ಅಂಥ ಮಾತಿನಿಂದೆಲ್ಲ ನನ್ನ ಸಿಟ್ಟು ಇಳಿಯುವುದಿಲ್ಲ. ಈ ಸಲ ಒಂದು ಹನಿಯೂ ಬಿಡದೆ ಕುಡಿಸಿದೆ, ಅಂಗಿಯ ಜೇಬನ್ನೂ ತಡಕಿ ನೋಡಿದೆ.

ಮರುದಿನ ಇವರನ್ನು ಒಳಗೆ ಕರೆದುಕೊಂಡು ಹೋದಾಗ ಹೂವಕ್ಕ ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ನಾನು ಈ ತುದಿಯಲ್ಲಿ. ಇಬ್ಬರೂ ಆ ಬಾಗಿಲನ್ನೇ ನೋಡುತ್ತಿದ್ದ ನಮ್ಮನ್ನು ಕಂಡು ಒಬ್ಬಳು ನರ್ಸ್, "ಪೇಶೆಂಟಿನ ಹೆಂಡತಿ ಯಾರು?" ಎಂದು ಕೇಳಿದಳು. "ನಾನು," ಎಂದು ಎದ್ದೆ. ಬೇಕಿದ್ದದ್ದಕ್ಕಿಂತ ಗಟ್ಟಿಯಾಗಿಯೇ ಹೇಳಿದೆ ಎಂದು ಕಾಣುತ್ತದೆ.

ಒಳಗೆ ಡಾಕ್ಟರು ಟಿವಿಯಂಥದ್ದರಲ್ಲಿ ಚಿತ್ರ ತೋರಿಸಿದರು. ತಿಳಿಗೆಂಪು ಸುರಂಗದ ಹಾಗಿತ್ತು, ಚೊಕ್ಕಟವಾಗಿ ತೊಳೆದಿಟ್ಟಂತೆ. ಅದರ ಗೋಡೆಯಲ್ಲಿ ಅಣಬೆಯ ಹಾಗೆ ಎರಡು ಎದ್ದಿದ್ದವು, ಅವನ್ನು ಅಲ್ಲೇ ಕತ್ತರಿಸಿ ತೆಗೆದಾಗಿದೆ ಎಂದರು. ಮೂರನೆಯದು ದೊಡ್ಡದು. ಅದರ ತುಂಡನ್ನು ಪರೀಕ್ಷೆಗೆ ಕಳಿಸುತ್ತೇನೆ, ಆದರೆ ನೋಡಿದರೆ ಅಣ್ಣನಿಗೆ ಬಂದದ್ದೇ ಅನ್ನಿಸುತ್ತದೆ, ಆಪರೇಷನ್ ಬೇಕಾಗಬಹುದು ಎಂದರು. "ತೀರಾ ತಡವಾಗಿಲ್ಲ ಅಂತ ನನ್ನ ಅಂದಾಜು. ಸ್ಕ್ಯಾನ್ ಆಗಲಿ, ಆಮೇಲೆ ಖಾತ್ರಿ ಹೇಳುತ್ತೇನೆ. ಅವರಿಗೆ ನಾನು ಹೇಳಲೇ, ನೀವು ಹೇಳುತ್ತೀರಾ?"

"ನಾ ಹೇಳ್ತೆ," ಎಂದೆ.

ಈ ಒಂದು ಸುದ್ದಿಯಾದರೂ ಇವರಿಗೆ ನನ್ನ ಬಾಯಿಂದಲೇ ಹೋಗಬೇಕು. ಜಗಲಿಯಿಂದ ಅಲ್ಲ, ಗೋಡೆ ಆಚೆಯಿಂದ ಅಲ್ಲ.

ಇವರನ್ನು ಕೋಣೆಗೆ ತಂದು ಮಲಗಿಸಿ ಸುತ್ತ ಪರದೆ ಎಳೆದರು. ವೀರಪ್ಪನವರು ಊರಿಗೆ ಹೋಗಿಯಾಗಿತ್ತು. ಹೂವಕ್ಕ ಹಾಸಿಗೆಯ ಕಾಲ ಬಳಿ ಸ್ಟೂಲಿನ ಮೇಲೆ ಕೂತಳು. ನನ್ನನ್ನು ಏನೂ ಕೇಳಲಿಲ್ಲ. ನಾನೂ ಅವಳಿಗೆ ಏನೂ ಹೇಳಲಿಲ್ಲ. ಕಾಯಲಿ ಅನ್ನಿಸಿತು. ಇವರ ಕಣ್ಣು ಮೆಲ್ಲಗೆ ತೆರೆಯಿತು. ಒಂದು ಸಲ ಮುಚ್ಚಿ ಮತ್ತೆ ತೆರೆದು, "ಎಂತ ಅಂದ್ರು?" ಎಂದರು.

ಕೇಳಿದ್ದು ನನ್ನನ್ನೇ. ಆದರೆ ನೋಡಿದ್ದು ನನ್ನನ್ನಲ್ಲ, ನನ್ನ ಹೆಗಲ ಮೇಲಿಂದ ಹೂವಕ್ಕನ ಮುಖವನ್ನು. ಉತ್ತರ ಅಲ್ಲಿ ಬರೆದಿರುತ್ತದೆ ಎನ್ನುವ ಹಾಗೆ. ಇಷ್ಟೆಲ್ಲ ಆದ ಮೇಲೂ, ಈಗಲೂ, ಅವಳ ಮುಖವೇ.

ಹೂವಕ್ಕ ಎದ್ದಳು. ಇವರತ್ತ ನೋಡದೆ ಪರದೆ ಸರಿಸಿಕೊಂಡು ಹೊರಗೆ ಹೋದಳು. ಹೋಗುವಾಗ ಪರದೆಯನ್ನು ಸರಿಯಾಗಿ ಎಳೆದು ಮುಚ್ಚಿದಳು.

ಇವರಿಗೆ ನೋಡಲು ನನ್ನ ಮುಖವಲ್ಲದೆ ಬೇರೆ ಉಳಿಯಲಿಲ್ಲ.

"ನಿಮ್ಮ ಅಣ್ಣಂಗೆ ಬಂದದ್ದೇ ಇರಬೇಕು ಅಂದ್ರು," ಎಂದೆ. "ಎರಡು ತೆಗ್ದು ಆಗದೆ. ಇನ್ನೊಂದಕ್ಕೆ ಆಪರೇಷನ್ ಆಗ್ಬೇಕಾಗ್ತದೆ. ತಡ ಆಗ್ಲಿಲ್ಲ ಅಂತಲೇ ಹೇಳಿದ್ರು."

ಇವರು ನನ್ನ ಮುಖ ನೋಡಿದರು. ಮದುವೆಯ ದಿನವೂ ಹಾಗೆ ನೋಡಿರಲಿಲ್ಲ. ಆಮೇಲೆ ನನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಅಪ್ಪ ಸತ್ತಾಗ ಅಳದ ಗಂಡಸು. ಅಣ್ಣ ಸತ್ತಾಗ ಅಂಗಳದಲ್ಲಿ ನಿಂತು ಚಿತೆಯ ಕಟ್ಟಿಗೆಯ ಲೆಕ್ಕ ನೋಡಿದ ಗಂಡಸು. "ನಾ ಅಣ್ಣನ ಹಾಂಗೇ ಹೋಗ್ತೆ, ಗಂಗೆ," ಎಂದರು. ಮೈಯೆಲ್ಲ ನಡುಗುತ್ತಿತ್ತು, ಮಂಚವೂ ಅದುರುತ್ತಿತ್ತು.

ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಇದೇ. ಇವರ ಒಳಗಿನದು ನನ್ನ ಮುಂದೆ ತೆರೆಯಬೇಕು, ಅವಳ ಮುಂದಲ್ಲ ಎಂದು. ಈಗ ತೆರೆದುಕೊಂಡಿತು, ಮತ್ತು ನನಗೆ ಅದನ್ನು ಹಿಡಿಯಲು ಬರಲಿಲ್ಲ. ತಲೆ ನೇವರಿಸಲು ಹೋದ ಕೈ ಅಲ್ಲೇ ನಿಂತಿತು, ಏಕೆಂದರೆ ಅದೂ ನಡುಗುತ್ತಿತ್ತು, ನಡುಗುವುದು ಇವರಿಗೆ ಗೊತ್ತಾಗುತ್ತಿತ್ತು.

ಪರದೆಯ ಕೆಳಗೆ ಹೂವಕ್ಕನ ಪಾದ ಕಾಣುತ್ತಿತ್ತು. ದೂರ ಹೋಗಿರಲಿಲ್ಲ. ಅವಳ ಮೇಲಿನ ಸಿಟ್ಟು ನನಗೆ ಒಂದು ಚೂರೂ ಕಡಿಮೆಯಾಗಿರಲಿಲ್ಲ.

"ಹೂವಕ್ಕ, ಒಳಗೆ ಬಾ," ಎಂದೆ. "ನಂಗೊಬ್ಳಿಗೇ ಆಗೂದಿಲ್ಲ."